ಭಾವನ ಕಾವಲಿಗೆ ಹೋದ ರಜೆ

ನನಗೆ ಮೀನು ಹಿಡಿಯಲು ಬರುವುದಿಲ್ಲ. ಗಾಳಕ್ಕೆ ಎರೆಹುಳು ಚುಚ್ಚುವಾಗ ಕಣ್ಣು ಮುಚ್ಚಿಕೊಂಡು ಬೆರಳನ್ನೇ ಚುಚ್ಚಿಕೊಳ್ಳುವವರ ಪೈಕಿ ನಾನು. ಆದರೂ ಮೊನ್ನೆ ರಜೆಯ ದಿನ ಲಕ್ಕವಳ್ಳಿಯ ಹೊಳೆಗೆ ಹೋದೆ, ಅಕ್ಕನ ಗಂಡನ ಕಾವಲಿಗೆ. ಅವರ ಲಿವರ್ ಹಾಳಾಗಿದೆ, ಇನ್ನು ಕುಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅಜ್ಜಂಪುರದಲ್ಲಿ ಕಾರು ಹತ್ತುವಾಗ ಅಕ್ಕ ನನ್ನ ಕೈ ಹಿಡಿದು, "ಅವ್ರ ಬೆನ್ನು ಬಿಡ್ಬೇಡ ಕಣೋ," ಎಂದಿದ್ದಳು.

ಕಾವಲೆಂಬುದು ಮೀನು ಹಿಡಿಯುವುದಕ್ಕಿಂತ ಕಷ್ಟದ ಕಸುಬು. ಗಾಳ ಹಾಕಿದವನು ನೀರು ನೋಡುತ್ತಾನೆ, ಕಾವಲಿನವನು ಗಾಳ ಹಾಕಿದವನ ಜೇಬು ನೋಡಬೇಕು. ಭಾವ ಬಾಟಲಿ ಎತ್ತಿದಾಗಲೆಲ್ಲ ನಾನು ಕತ್ತು ಚಾಚಿ ನೋಡುತ್ತಿದ್ದೆ. ಕೊನೆಗೆ ಅವರೇ, "ತಗಳಪ್ಪ, ಮೂಸಿ ನೋಡು, ಬರೀ ನೀರು," ಎಂದು ಬಾಟಲಿಯನ್ನು ನನ್ನ ಮೂಗಿಗೆ ಹಿಡಿದರು. ನಾಚಿಕೆ ಬಿಟ್ಟು ಮೂಸಿದೆ. ಮಧ್ಯಾಹ್ನದ ಹೊತ್ತಿಗೆ ಒಂದಷ್ಟು ಜಿಲೇಬಿ ಮೀನು ಸಿಕ್ಕವು, ಎಲ್ಲವೂ ಅವರ ಗಾಳಕ್ಕೇ.

ವಾಪಸು ಬರುವಾಗ ತರೀಕೆರೆಯಲ್ಲಿ ಭಾವ ಮನೆಯ ಕಡೆ ತಿರುಗದೆ ಬೀರೂರಿನ ರಸ್ತೆ ಹಿಡಿದರು. ಕಡೂರಿನ ಆಚೆ ಒಂದು ಡಿಸ್ಟಿಲರಿಯಲ್ಲಿ ನಮ್ಮ ಬೀದಿಯ ಶಿವು ಕೆಲಸಕ್ಕಿದ್ದಾನೆ. ನಾನು ಬೇಡವೆಂದು ಗೋಗರೆದೆ. "ನನ್ನ ಸಾಯ್ಸೋದು ಹೆಂಗೆ ತಯಾರಾಗುತ್ತೆ ಅಂತ ನಾನು ನೋಡ್ಬಾರ್ದಾ?" ಎಂದರು. ಇದಕ್ಕೇನು ಹೇಳುತ್ತೀರಿ?

ತೊಟ್ಟಿಗಳಲ್ಲಿ ಸಕ್ಕರೆ ಕಾರ್ಖಾನೆಯಿಂದ ಬಂದ ಕಾಕಂಬಿ ಕಪ್ಪಗೆ ನೊರೆಗಟ್ಟಿ ಹುದುಗುತ್ತಿತ್ತು. ಸಕ್ಕರೆ ತಿಂದು ಮದ್ಯ ಮಾಡುವ ಯೀಸ್ಟು ಕೊನೆಗೆ ಅದೇ ಮದ್ಯದಲ್ಲಿ ಸಾಯುತ್ತದೆ ಎಂದ ಶಿವು. "ನಮ್ಮೋರೇ ಬಿಡು," ಎಂದರು ಭಾವ. ಸಮುದ್ರ ಕಡೆದಾಗ ಮೊದಲು ಬಂದದ್ದು ವಿಷ, ಕೊನೆಗೆ ಅಮೃತ, ನಡುವೆ ಎಲ್ಲೋ ವಾರುಣಿ. ಮದ್ಯವನ್ನು ಹಾಗೆ ನಡುವೆ ಇಟ್ಟ ಪೌರಾಣಿಕ ಸ್ವತಃ ಕುಡಿಯುವವನೇ ಇರಬೇಕು. ಅವನ ಮನೆಯವರನ್ನು ಕೇಳಿದ್ದರೆ ವಿಷದ ಪಕ್ಕದಲ್ಲೇ ಇಡಿಸುತ್ತಿದ್ದರು.

ಎಲ್ಲ ತೋರಿಸಿದ ಮೇಲೆ ಶಿವು ಮರ್ಯಾದೆಗೆಂದು ಎರಡು ಗ್ಲಾಸು ತಂದಿಟ್ಟ. ಅವನಿಗೆ ಕಾಯಿಲೆಯ ಸುದ್ದಿ ಗೊತ್ತಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಗ್ಲಾಸು ಎತ್ತಿಯಾಗಿತ್ತು. ಕುಡಿಯುವ ಮೊದಲು ಬೆರಳು ಅದ್ದಿ ಸತ್ತವರಿಗೆಂದು ನೆಲಕ್ಕೆ ಹನಿ ಚಿಮುಕಿಸುವುದು ಭಾವನ ಗೆಳೆಯರ ಬಳಗದ ಪದ್ಧತಿ. ಭಾವ ಚಿಮುಕಿಸಿ, "ಇದು ಬಸಣ್ಣಂಗೆ," ಎಂದರು. ಮತ್ತೆ ಅದ್ದಿ, "ಇದು ರಾಜಪ್ಪಂಗೆ. ಇದು ನಮ್ ಪರಮೇಶಿಗೆ," ಎಂದರು. ಎಲ್ಲರೂ ಅವರ ಜೊತೆ ಕೂತು ಕುಡಿದವರು, ಕುಡಿದೇ ಹೋದವರು. ಹೆಸರು ಮುಗಿಯಲೇ ಇಲ್ಲ. ಅದ್ದಿ ಅದ್ದಿ ಗ್ಲಾಸು ವಾಲಿ ಅರ್ಧದಷ್ಟು ಅವರ ಅಂಗಿಯ ತೋಳಿನ ಮೇಲೇ ಚೆಲ್ಲಿತು. ಉಳಿದದ್ದನ್ನು ಮೇಜಿನ ಮೇಲಿಟ್ಟು, "ನಡಿ, ಮೀನು ಕೆಟ್ಟೋಗ್ತವೆ," ಎಂದು ಎದ್ದರು. ನನಗೆ ಅಳು ಬಂತು.

ಬಾಗಿಲು ತೆಗೆದ ಅಕ್ಕನಿಗೆ ಮೊದಲು ಬಡಿದದ್ದು ಆ ತೋಳಿನ ವಾಸನೆ. ಮೀನಿನ ಚೀಲ ಮುಟ್ಟಲಿಲ್ಲ. "ನಿನ್ನ ನಂಬಿ ಕಳ್ಸಿದ್ನಲ್ಲೋ," ಎಂದಳು. "ಕುಡಿದಿಲ್ಲ ಕಣಕ್ಕ, ಚೆಲ್ಲಿದ್ದು," ಎಂದೆ. ಅವಳು ಭಾವನ ಮುಖ ನೋಡಿದಳು. ಭಾವ ಬಾಯಿ ತೆರೆದು, ಹಾಗೇ ಮುಚ್ಚಿಕೊಂಡರು. ಇಷ್ಟು ವರ್ಷ ಕುಡಿದು ಬಂದಾಗಲೆಲ್ಲ "ಕುಡಿದಿಲ್ಲ ಕಣೇ" ಎಂದು ಅವಳ ಮೇಲೆ ಆಣೆ ಇಟ್ಟವರು. ನಿಜವಾಗಿ ಕುಡಿಯದ ದಿನಕ್ಕೆಂದು ಬೇರೆ ಮಾತನ್ನು ಉಳಿಸಿಕೊಂಡಿರಲಿಲ್ಲ.