ಅಪ್ಪನ ಮೀನು ಹುಡುಕುವ ಚೆಂಡು

ಹೆರಿಗೆಗೆಂದು ಚಿಟಗುಪ್ಪದ ಗಂಡನ ಮನೆಯಿಂದ ಹುಮನಾಬಾದಿನ ನಮ್ಮ ಮನೆಗೆ ಬಂದ ಅಕ್ಕ ಕೇಳಿದ್ದು ಒಂದೇ: ಅಪ್ಪ ತಾನೇ ಗಾಳ ಹಾಕಿ ಹಿಡಿದ ಮೀನಿನ ಸಾರು. ಏನು ತಿಂದರೂ ಅವಳ ಹೊಟ್ಟೆಯಲ್ಲಿ ನಿಲ್ಲದ ದಿನಗಳವು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ಅವ್ವ ಅಪ್ಪನನ್ನು ಹೆದರಿಸಿದಳು. ಅದಕ್ಕೆ ಪುರಾವೆ ಏನು ಎಂದು ಕೇಳಿ ನಾನು ಬೈಸಿಕೊಂಡೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಮೂರು ಕಪ್‌ಗಳು ಟಿವಿಯ ಪಕ್ಕದಲ್ಲಿವೆ. ಅವುಗಳಲ್ಲಿ ಒಂದರೊಳಗೆ ಅವ್ವ ಊದುಬತ್ತಿ ಇಡುತ್ತಾಳೆ.

ಅಪ್ಪ ನಿವೃತ್ತ ಬಸ್ ಡ್ರೈವರ್. ಹುಮನಾಬಾದ್–ಬಸವಕಲ್ಯಾಣ ರಸ್ತೆಯ ಪ್ರತಿ ಗುಂಡಿಯೂ ಅವನಿಗೆ ಬಾಯಿಪಾಠ. ಭಾನುವಾರ ನಸುಕಿನಲ್ಲೇ ಎದ್ದು ಬಸವಕಲ್ಯಾಣದ ಕಡೆಯ ಜಲಾಶಯಕ್ಕೆ ಹೋಗುವುದು, ಅಲ್ಲಿ ತನ್ನದೇ ಒಂದು ಕರಿಕಲ್ಲಿನ ಮೇಲೆ ಕೂತು ಗಾಳ ಹಾಕುವುದು, ಹತ್ತು ಗಂಟೆಗೆ ಡ್ಯೂಟಿ ಮುಗಿದವರ ಹಾಗೆ ಎದ್ದು ಬರುವುದು ಅವನ ರೂಢಿ. ಈ ಸಲ ಮಳೆ ಜೋರಾಗಿ, ನೀರು ದಂಡೆಯನ್ನೇ ನುಂಗಿ, ಆ ಕಲ್ಲು ಮುಳುಗಿತು. ಕಲ್ಲು ಹೋದದ್ದೇ ಮೀನೂ ಹೋಯಿತು. ಮೂರು ಭಾನುವಾರ ಬರಿಗೈಲಿ ಬಂದ ಅಪ್ಪ ನಾಲ್ಕನೆಯ ಸಲ ಪೇಟೆಯಿಂದ ಒಂದು ರೋಹು ಮೀನು ತಂದು, ಸುಮ್ಮನೆ ಅಡುಗೆಮನೆಯಲ್ಲಿಟ್ಟ.

ಅಕ್ಕ ಅದರ ಬಾಯಿ ತೆರೆದು ನೋಡಿದಳು. "ಅಪ್ಪಾ, ಇದರ ಬಾಯಾಗ ಗಾಳ ಚುಚ್ಚಿದ ಗುರುತು ಎಲ್ಲೈತಿ?"

"ಸಣ್ಣ ಗಾಳ ಇತ್ತವಾ."

"ಮತ್ತ ಐಸ್ ಯಾಕ ಹತ್ತೈತಿ? ಜಲಾಶಯದಾಗ ಫ್ರಿಜ್ ಇಟ್ಟಾರೇನು?"

ಅವತ್ತು ಅವಳು ತಿಂದದ್ದು ಎರಡು ತುತ್ತು ಮೊಸರನ್ನ. ಅಪ್ಪ ಅಂಗಳದಲ್ಲಿ ಕೂತು ಫೋನಿನಲ್ಲಿ ಮೀನು ಹಿಡಿಯುವ ವಿಡಿಯೋ ನೋಡತೊಡಗಿದ. ಸಂಜೆಯ ಹೊತ್ತಿಗೆ ಅವನ ಮನಸ್ಸು ನೀರಿನೊಳಗಿನ ಮೀನನ್ನು ಪರದೆಯ ಮೇಲೆ ತೋರಿಸುವ ಯಂತ್ರದ ಮೇಲೆ ಬಿದ್ದಿತ್ತು.

"ಇದು ತಗೋತೀನಿ. ಸ್ಕ್ರೀನ್ ನೋಡು, ಬಸ್ಸಿನ ಮುಂದಿನ ಗಾಜಿನಂಗ ಐತಿ."

"ಅಪ್ಪಾ, ಅದನ್ನ ದೋಣಿಗೆ ಹಚ್ಚತಾರ. ನಿನ್ನ ದೋಣಿ ಎಲ್ಲೈತಿ?"

"ದೋಣಿ ಆಮ್ಯಾಗ ನೋಡೋಣು."

"ಅಂದ್ರ ಸ್ಟೇರಿಂಗ್ ಮೊದ್ಲ, ಬಸ್ಸು ಆಮ್ಯಾಗ?"

ಅಪ್ಪ ಫೋನನ್ನು ನನ್ನ ಕೈಗಿತ್ತ. ಚರ್ಚೆಯಲ್ಲಿ ಎದುರಾಳಿ ಕೈಚೆಲ್ಲಿದರೆ ಅಂಕ ನನಗೆ. ಆ ಉಮೇದಿನಲ್ಲಿ ಆಯ್ಕೆಯ ಹೊಣೆಯನ್ನು ನಾನೇ ಹೊತ್ತೆ. ಎರಡು ದಿನ ಪರ–ವಿರೋಧ ಬರೆದು, ದಂಡೆಯಿಂದಲೇ ದಾರ ಕಟ್ಟಿ ಎಸೆಯುವ ಚೆಂಡಿನಂಥ ಒಂದನ್ನು ಆರಿಸಿದೆ. ಅದು ನೀರಿನ ಮೇಲೆ ತೇಲುತ್ತಾ ಕೆಳಕ್ಕೆ ಶಬ್ದ ಕಳಿಸಿ, ಮರಳಿ ಬಂದದ್ದನ್ನು ಕೇಳಿ, ತಳ ಎಷ್ಟು ಆಳ, ನಡುವೆ ಏನಿದೆ ಎಂದು ಫೋನಿಗೆ ಹೇಳುತ್ತದೆ. ಕೆರೆಗಳ ಆಳ ತೋರಿಸುವ ಸಿದ್ಧ ನಕ್ಷೆಗಳನ್ನೂ ತಿಂಗಳಿಗಿಷ್ಟು ಎಂದು ಮಾರುತ್ತಾರೆ. ಹಣ ಕಟ್ಟುವ ಮೊದಲು ನಮ್ಮ ಜಲಾಶಯವನ್ನು ಅದರಲ್ಲಿ ಹುಡುಕಿದೆ. ಎಲ್ಲೆಲ್ಲಿಯದೋ ಕೆರೆಗಳ ತಳದ ಗೆರೆಗೆರೆಯೂ ಇದೆ, ನಮ್ಮದು ಮಾತ್ರ ಶಾಯಿ ಚೆಲ್ಲಿದಂತೆ ಬರೀ ನೀಲಿ.

"ನಕ್ಷೆ ನಾವೇ ಮಾಡೋಣು," ಎಂದೆ. ಚೆಂಡು ಎಸೆದಲ್ಲೆಲ್ಲ ಆಳ ತಾನಾಗಿಯೇ ಫೋನಿನಲ್ಲಿ ದಾಖಲಾಗುವ ಸೌಲಭ್ಯ ಅದರಲ್ಲಿತ್ತು.

ಚೆಂಡು ತರಿಸಿಕೊಂಡೆವು. ಮುಂದಿನ ಭಾನುವಾರ ಜಲಾಶಯದ ದಂಡೆಯಲ್ಲಿ ಅಪ್ಪ ಅದನ್ನು ಎಸೆದ, ನಾನು ಫೋನು ಹಿಡಿದು ಹಿಂದೆ ನಡೆದೆ. ಒಂದು ಕಡೆ ಚೆಂಡು ಬಿದ್ದದ್ದೇ ತಡ, ಪರದೆಯ ತುಂಬ ಮೀನಿನ ಚಿತ್ರಗಳು. ಒಂದರ ಮೇಲೊಂದು, ಸಂತೆಯ ದಿನದ ಬಸ್ಸಿನ ಹಾಗೆ.

"ಟಾಪ್ ಮ್ಯಾಲೂ ಕುಂತಾವ ಮಗಳ!" ಎಂದು ಅಪ್ಪ ಕೂಗಿದ.

ಅಲ್ಲೇ ಗಾಳ ಹಾಕಿದೆವು. ಗಾಳ ಕಚ್ಚಿಕೊಂಡಿತು. ಎಳೆದರೆ ದಾರ ಕಡಿಯಿತು. ಇನ್ನೊಂದು ಹಾಕಿದೆವು, ಅದೂ ಹೋಯಿತು. ಐದನೆಯದು ಹೋದಾಗ ಮಧ್ಯಾಹ್ನ ದಾಟಿತ್ತು. ಹಿಂದಿನಿಂದ ಯಾರೋ ನಕ್ಕರು. ಎಮ್ಮೆ ಮೇಯಿಸುವ ಮುದುಕಿಯೊಬ್ಬಳು ಕೋಲು ಊರಿಕೊಂಡು ನಿಂತಿದ್ದಳು.

"ಏನ್ ಹಿಡಿಯಾಕತ್ತೀರಿ ಅಲ್ಲಿ?"

"ಮೀನ ಆಯಿ. ಫೋನಿನಾಗ ಬರೋಬರ್ ಕಾಣಾಕತ್ತಾವ," ಎಂದ ಅಪ್ಪ.

"ಅದು ನನ್ನ ಎಮ್ಮಿ ದೊಡ್ಡಿ ರೀ! ಬ್ಯಾಸಿಗ್ಯಾಗ ನೀರು ಹಿಂದ ಸರಿದಾಗ ಅಲ್ಲೇ ಎಮ್ಮಿ ಕಟ್ಟತಿದ್ದೆ. ಸುತ್ತ ಜಾಲಿಮುಳ್ಳಿನ ಬೇಲಿ. ಮಳಿ ಲಗೂನ ಬಂತು, ಎಮ್ಮಿ ಹೊಡ್ಕೊಂಡು ಬಂದೆ, ಬೇಲಿ ಅಲ್ಲೇ ಉಳೀತು."

ನಾನು ಪರದೆ ನೋಡಿದೆ. ನೀರಿನ ನಡುವೆ ಚಾಚಿಕೊಂಡ ಪ್ರತಿ ಮುಳ್ಳುಕೊಂಬೆಯನ್ನೂ ಯಂತ್ರ ಶ್ರದ್ಧೆಯಿಂದ ಮೀನೆಂದು ಬರೆದಿತ್ತು. ಅಪ್ಪ ಮೂವತ್ತು ವರ್ಷದಿಂದ ಈ ಜಲಾಶಯಕ್ಕೆ ಬರುತ್ತಿದ್ದರೂ ಬೇಸಿಗೆಯಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ. ನೀರಿಲ್ಲದ ಮೇಲೆ ಅಲ್ಲೇನು ಕೆಲಸ ಎನ್ನುವುದು ಅವನ ವಾದ. ಆಯಿಯೋ ಆ ತಳದ ಮೇಲೆ ನಡೆದವಳು, ಅಲ್ಲಿ ಬುತ್ತಿ ಬಿಚ್ಚಿದವಳು.

"ಹಂಗಾರ ಮೀನ ಎಲ್ಲದಾವ ಆಯಿ?" ಅಪ್ಪನ ದನಿ ಇಳಿದಿತ್ತು. "ದೊಡ್ಡ ಮಗಳು ಬಸುರಿ ಅದಾಳ. ನನ್ನ ಗಾಳದ ಮೀನೇ ಬೇಕಂತಾಳ."

ಆಯಿ ನಗು ನಿಲ್ಲಿಸಿದಳು. "ಮೊದ್ಲ ಹೇಳಬಾರದೇನು? ಆ ಇಳಿಜಾರಿಗಿ ಬರ್ರಿ. ಬಿಸಿಲು ಹೊಳ್ಳಿದ ಮ್ಯಾಲ ಎಮ್ಮಿ ಇಳಿತಾವ, ಕಾಲಾಗ ಕೆಸರು ಕಲಕತಾವ. ಕೆಸರಿನಾಗಿನ ಹುಳ ತಿನ್ನಾಕ ಮೀನ ಬರ್ತಾವ. ಎಮ್ಮಿ ಎದ್ದ ಹೋದ ಮ್ಯಾಲ ಹಾಕ್ರಿ."

"ಇದಕ್ಕ ಪುರಾವೆ ಏನೈತಿ ಆಯಿ?" ಅಭ್ಯಾಸಬಲ, ಬಾಯಿಗೆ ಬಂದುಬಿಟ್ಟಿತು.

"ಎಮ್ಮಿ ಅದಾವಲ್ಲ ತಂಗಿ. ಕೇಳು, ಹೇಳ್ತಾವ."

ಎಮ್ಮೆಗಳು ಇಳಿದು, ಹೊರಳಾಡಿ, ಯಾವ ಅವಸರವೂ ಇಲ್ಲದೆ ಎದ್ದುಹೋದವು. ಅಪ್ಪ ಗಾಳ ಹಾಕಿ, ಕೋಲನ್ನು ನನ್ನ ಕೈಗೆ ಕೊಟ್ಟು, ಪಕ್ಕದಲ್ಲಿ ಚೆಂಡನ್ನೂ ಬಿಟ್ಟು ಫೋನು ನೋಡತೊಡಗಿದ.

"ಇಲ್ಲಿ ಒಂದೂ ಇಲ್ಲಂತದ ಮಗಳ," ಎನ್ನುತ್ತಿದ್ದಂತೆ ನನ್ನ ಕೈಯ ಕೋಲು ಬಾಗಿತು.

ಒಂದು ಮೊಳದ ರೋಹು. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಅದು ಯಾರ ಮೀನು ಎಂದು ವಾದ ನಡೆಯಿತು. ಗಾಳ ಅವನದು, ಎಳೆದದ್ದು ನಾನು, ಜಾಗ ಆಯಿಯದು. ಚೆಂಡಿನ ಪರವಾಗಿಯೂ ನಾನೊಂದು ಅಂಕ ಕೇಳಿದೆ: ಅದರ ಹುಚ್ಚು ನಕ್ಷೆ ಮಾಡುತ್ತಾ ಕೂರದಿದ್ದರೆ ಅಪ್ಪ ಹತ್ತಕ್ಕೇ ಎದ್ದು ಬರುತ್ತಿದ್ದ, ಎಮ್ಮೆಗಳು ಇಳಿಯುವುದನ್ನು ನೋಡುತ್ತಲೇ ಇರಲಿಲ್ಲ.

ಅಕ್ಕ ಮೀನಿನ ಬಾಯಿ ತೆರೆದು ನೋಡಿದಳು. ಗುರುತು ಇತ್ತು.

"ಖರೇನ ಅಪ್ಪ ಹಿಡಿದಾನೇನು?" ಎಂದು ನನ್ನನ್ನು ಕೇಳಿದಳು.

ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, ಬಹಳ ಹೊತ್ತು ಚಪ್ಪಲಿಯನ್ನೇ ನೋಡುತ್ತಿದ್ದ. ನನ್ನ ಹತ್ತಿರ ಮೂರು ಅಂಶಗಳ ಉತ್ತರ ತಯಾರಿತ್ತು.

"ಹೂಂ," ಎಂದೆ.

ಅಕ್ಕ ಎರಡು ರೊಟ್ಟಿ, ಆಮೇಲೆ ಅನ್ನ, ಆಮೇಲೆ ಬಟ್ಟಲೆತ್ತಿ ಬರೀ ಸಾರು ಕುಡಿದಳು. ಎಲ್ಲವೂ ಹೊಟ್ಟೆಯಲ್ಲಿ ನಿಂತಿತು. ಕೈ ತೊಳೆದು ಬಂದು, "ಅಪ್ಪಾ, ನಾಳಿಗೂ ಇದೇ ಬೇಕು," ಎಂದಳು.

ಅಪ್ಪ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ: "ಎಮ್ಮಿ ಎಷ್ಟ ಗಂಟೆಕ್ಕ ಇಳಿದಿದ್ವು? ನಕ್ಷೆದಾಗ ಬರದಿಟ್ಟಿಯೇನು?"

ಬರೆದಿಟ್ಟಿದ್ದೆ.