ನೀರೊಳಗಿನ ಕಂಬಕ್ಕೆ ಮೊದಲ ವೀಳ್ಯ

ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದವರಲ್ಲಿ ನಾನೇ ಮೊದಲಿಗ. ಬರೆದದ್ದು ಶುದ್ಧವಾಗಿರಬೇಕೆಂಬ ಅಂಜಿಕೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಈ ಬರಹದಲ್ಲಿ ಅನುಕ್ರಮ ತಪ್ಪಿದ್ದರೆ, ಅಜ್ಜಿಯ ಮಾತಿನ ಬಿಸಿ ನನ್ನ ಕೈಯಲ್ಲಿ ಆರಿಹೋಗಿದ್ದರೆ, ಓದುವವರು ದಯವಿಟ್ಟು ಮನ್ನಿಸಬೇಕು.

ಅದು ಐವತ್ತರ ದಶಕದ ಒಂದು ಬೇಸಿಗೆ. ಮೈಸೂರಿನ ಕೃಷ್ಣಮೂರ್ತಿಪುರಂನ ವಠಾರವೊಂದರಲ್ಲಿ ಅಜ್ಜಿ, ಅವ್ವ, ತಂಗಿ ಮತ್ತು ನಾನು ಬಾಡಿಗೆಗಿದ್ದೆವು. ಅಪ್ಪ ಅದಾಗಲೇ ತೀರಿಕೊಂಡಿದ್ದರು. ನಾನು ಬಿ.ಎ. ಮುಗಿಸಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಮೂಲ ಊರು ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಮುಳುಗಿ ಬಹಳ ಕಾಲವಾಗಿತ್ತು. ಜನರೆಲ್ಲ ಎದ್ದು ಬಂದಿದ್ದರು. ಮನೆದೇವರ ಗುಡಿ ಮಾತ್ರ ಅಲ್ಲಿಯೇ ಉಳಿದಿತ್ತು. ಮನೆಯಲ್ಲಿ ಮದುವೆ ಗೊತ್ತಾದರೆ ಮೊದಲ ವೀಳ್ಯ ಮನೆದೇವರಿಗೆ ಸಲ್ಲಬೇಕು, ಆಮೇಲೆಯೇ ಬೀಗರ ಕೈಗೆ ಎಂಬುದು ನಮ್ಮಲ್ಲಿನ ಪದ್ಧತಿ. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲೊಂದು ಕಲ್ಲುಕಂಬದ ತುದಿ ಕಾಣಿಸಿಕೊಳ್ಳುತ್ತಿತ್ತು. ಅದು ಗುಡಿಯ ಮುಂದಿನ ದೀಪದ ಕಂಬವೆಂದು ಅಜ್ಜಿ ಗುರುತಿಸಿದ್ದಳು. ವರ್ಷವರ್ಷವೂ ಹರಿಗೋಲಿನಲ್ಲಿ ಹೋಗಿ ಅದಕ್ಕೆ ಹಾಲೆರೆದು ಬರುತ್ತಿದ್ದಳು.

ತಂಗಿಗೆ ಕಡಕೊಳದ ಕಡೆಯ ಸಂಬಂಧವೊಂದು ಕೂಡಿಬಂದ ವರ್ಷವೇ ನೀರು ಇಳಿಯಲಿಲ್ಲ, ಕಂಬವೂ ಕಾಣಲಿಲ್ಲ. ಆಷಾಢ ಹುಟ್ಟುವುದರೊಳಗೆ ಮದುವೆ ಮುಗಿಯದಿದ್ದರೆ ಬೇರೆ ಕಡೆ ಹೆಣ್ಣು ನೋಡುವುದಾಗಿ ಬೀಗರು ಹೇಳಿ ಕಳುಹಿಸಿದರು. ಅಜ್ಜಿ ಜಗ್ಗಲಿಲ್ಲ.

“ದೇವ್ರಿಗೆ ಕೊಡ್ದೆ ಬೀಗರಿಗೆ ವೀಳ್ಯ ಕೊಟ್ಟು ಉದ್ಧಾರ ಆದೀರಾ?” ಎಂದಳು.

“ದೇವ್ರು ಮುಖ ತೋರ್ಸೋವರ್ಗೂ ನಾನು ಹಿಂಗೇ ಕೂತಿರ್ಬೇಕಾ ಅಜ್ಜಿ? ಅಷ್ಟೊತ್ಗೆ ನಂಗೂ ನಿನ್ನಂಗೇ ಹಲ್ಲು ಉದುರೋಗಿರ್ತವೆ,” ಎಂದಳು ತಂಗಿ.

“ಉದುರ್ಲಿ ಬುಡು. ಬಾಯಾದ್ರೂ ಸುಮ್ಕಾಯ್ತದೆ.”

ತಂಗಿ ನಕ್ಕಳು. ಆದರೆ ಒಳಗೆ ಹೋದವಳು ಒಲೆಯ ಮುಂದೆ ಬೆನ್ನು ತಿರುಗಿಸಿ ಕುಳಿತುಬಿಟ್ಟಳು. ಆ ಹುಡುಗ ಅವಳ ಮನಸ್ಸಿಗೆ ಒಪ್ಪಿದ್ದನೆಂಬುದು ನಮಗೆಲ್ಲ ತಿಳಿದಿತ್ತು. ಕಚೇರಿಯಲ್ಲಿ ಒಂದೇ ಪತ್ರವನ್ನು ಮತ್ತೆಮತ್ತೆ ನಕಲು ಮಾಡಿ ಹರಿದೆ. ಕುಳಿತಲ್ಲಿ ಕುಳಿತಿರಲಾಗುತ್ತಿರಲಿಲ್ಲ.

ನನ್ನ ಪಕ್ಕದ ಮೇಜಿನಲ್ಲಿ ಕ್ಯಾಥೊಲಿಕ್ ಗೆಳೆಯರೊಬ್ಬರಿದ್ದರು. ಅವರ ಅಣ್ಣ ಪ್ರಯಾಣಿಕರ ಹಡಗೊಂದರಲ್ಲಿ ಕೆಲಸಕ್ಕಿದ್ದರು. ರಜೆಗೆ ಬಂದಾಗ ಗಾಜು ಕೂರಿಸಿದ ರಬ್ಬರಿನ ಮುಖವಾಡವನ್ನೂ ಉಸಿರಾಡುವ ಕೊಳವೆಯನ್ನೂ ತಂದಿಟ್ಟು ಹೋಗಿದ್ದರು. ಹಡಗು ಯಾವುದೋ ಬಂದರಿನಲ್ಲಿ ನಿಂತಾಗ ಪ್ರಯಾಣಿಕರನ್ನು ದಡದ ಸುತ್ತಾಟಕ್ಕೆ ಕರೆದೊಯ್ಯುತ್ತಿದ್ದರಂತೆ. ಅಲ್ಲಿ ಅವರು ಇವನ್ನು ಧರಿಸಿ, ಮುಖವನ್ನು ನೀರಿನಲ್ಲಿಟ್ಟು ತೇಲುತ್ತ, ಎಂದೋ ಮುಳುಗಿದ ಹಡಗೊಂದನ್ನು ನೋಡುತ್ತಿದ್ದರಂತೆ.

“ಅವರಿಗೆ ಹಡಗು ಕಾಣೋದಾದ್ರೆ ನಿಮಗೆ ಗುಡಿ ಕಾಣಲ್ವೇನ್ರೀ? ಭಾನುವಾರ ಚರ್ಚಲ್ಲಿ ಮೊದಲ್ನೇ ಪೂಜೆ ಮುಗಿಸ್ಕೊಂಡು ಬಂದ್ಬುಡ್ತೀನಿ, ಹೋಗೋಣ,” ಎಂದರು ಗೆಳೆಯರು.

ಚಿಕ್ಕಂದಿನಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತಿದ್ದೆನಾದರೂ ನೀರಿನ ಭಯ ಹೋಗಿರಲಿಲ್ಲ. ಶನಿವಾರ ವಠಾರದ ನೀರಿನ ತೊಟ್ಟಿಯಲ್ಲಿ ಮುಖವಾಡ ಹಾಕಿಕೊಂಡು ತಲೆ ಮುಳುಗಿಸಿ ನೋಡುತ್ತಿದ್ದಾಗ ಅವ್ವ ಬಂದು ಬೆಚ್ಚಿಬಿದ್ದಳು.

“ಇದೇನೋ ಇದು ಕಪ್ಪೆ ಮಖ! ನಾಲ್ಕು ಮನೆಯವ್ರು ಕುಡಿಯೋ ನೀರು ಕಣೋ ಅದು!”

ಮರುದಿನ ಬಸ್ಸಿನಲ್ಲಿ ಅಜ್ಜಿ ಸೆರಗಿನ ತುದಿಯಲ್ಲಿ ವೀಳ್ಯದೆಲೆ, ಅಡಿಕೆ ಗಂಟು ಹಾಕಿಕೊಂಡು ಕುಳಿತಿದ್ದಳು. ಗಾಜು ಒಡೆದರೇನು ಗತಿ, ಕೊಳವೆ ಕಟ್ಟಿಕೊಂಡರೇನು ಗತಿ ಎಂದು ನಾನು ದಾರಿಯುದ್ದಕ್ಕೂ ಗೆಳೆಯರನ್ನು ಪೀಡಿಸಿದೆ. ಹಿನ್ನೀರಿನ ದಡದಲ್ಲಿ ಅಂಬಿಗನೊಬ್ಬ ಸಿಕ್ಕ. ಅಜ್ಜಿ ದಡದ ಮರಗಳನ್ನೂ ದೂರದ ದಿಬ್ಬವನ್ನೂ ಗುರುತು ಹಿಡಿದು ದಾರಿ ಹೇಳಿದಳು. ಅಂಬಿಗ ಗಳುವಿನಿಂದ ನೀರನ್ನು ತಡಕಿ ತಡಕಿ ಸಾಕಾದಾಗ ಕೊನೆಗೊಮ್ಮೆ ಕಲ್ಲು ತಗುಲಿತು.

“ಸಿಕ್ತು ಸ್ವಾಮಿ! ಹುಷಾರಾಗಿ ಇಳೀರಿ. ದೇವ್ರು ಇಡ್ಕೊಂಡ್ರೆ ಬಿಡ್ಸೋಕೆ ನಾನ್ ಬರಾಕಿಲ್ಲ.”

ಹರಿಗೋಲಿನ ಹಗ್ಗ ಹಿಡಿದು ಇಳಿದೆ. ಗಾಜಿನಾಚೆ ಎಲ್ಲವೂ ಹಸಿರು ಮಿಶ್ರಿತ ಕಂದು. ನನ್ನ ಉಸಿರೇ ಕೊಳವೆಯಲ್ಲಿ ಬೇರೆ ಯಾರದೋ ಎಂಬಂತೆ ಕೇಳಿಸುತ್ತಿತ್ತು. ಮೆಲ್ಲಗೆ ಕಂಬದ ತುದಿ ಕಂಡಿತು. ತುಸು ಕೆಳಗೆ ಕಂಬದ ಎದೆಗೆ ಅಡ್ಡಲಾಗಿ ಕೊರೆದ ತೂತು; ಪಕ್ಕದಲ್ಲಿ ಅಂಥದೇ ಇನ್ನೊಂದು ಕಂಬ, ಅರ್ಧಕ್ಕೆ ಮುರಿದದ್ದು. ದೀಪದ ಕಂಬಕ್ಕೆ ಜೋಡಿ ಇರುವುದಿಲ್ಲ. ಉಸಿರು ಹಿಡಿದು ಕಂಬವನ್ನು ತಬ್ಬಿಕೊಂಡು ಕೆಳಗೆ ಜಾರಿದೆ. ಎರಡು ಕಂಬಗಳ ನಡುವೆ ಕಲ್ಲು ಕಟ್ಟಿದ ಬಾಯಿ, ಅದರೊಳಗೆ ಕತ್ತಲು. ಕಟ್ಟೆಯ ಅಂಚಿನಲ್ಲಿ ಕೈಗೆ ದುಂಡಗಿನ ಕಲ್ಲೊಂದು ಸಿಕ್ಕಿತು; ನಡುವೆ ಕುಳಿ, ಅಂಚಿನಲ್ಲಿ ಗೂಟದ ತೂತು. ಬೀಸುಕಲ್ಲು! ಕೊಳವೆಯಲ್ಲಿ ನೀರು ತುಂಬಿ ಕೆಮ್ಮುತ್ತ ಮೇಲೆ ಬಂದೆ. ಗೆಳೆಯರು ನನ್ನ ತೋಳು ಹಿಡಿದು ಒಳಗೆಳೆದುಕೊಂಡರು.

“ದೇವ್ರು ಕಂಡ್ನೇನೋ?” ಎಂದಳು ಅಜ್ಜಿ. ಅವಳ ಕೈ ಆಗಲೇ ಸೆರಗಿನ ಗಂಟು ಬಿಚ್ಚುತ್ತಿತ್ತು.

ಸುಳ್ಳು ಹೇಳಿದ್ದರೆ ತಂಗಿಯ ಮದುವೆ ಅಲ್ಲಿಯೇ ಸುಸೂತ್ರವಾಗುತ್ತಿತ್ತು. ಆದರೆ ಆ ಗಂಟು ಬಿಚ್ಚುವ ಬೆರಳುಗಳನ್ನು ನೋಡುತ್ತ ನನಗೆ ಸುಳ್ಳು ಬಾಯಿಗೆ ಬರಲಿಲ್ಲ.

“ಗುಡಿ ಇಲ್ಲ ಅಜ್ಜಿ. ಅದು ಕಪಿಲೆ ಬಾವಿ. ಎತ್ತು ಕಟ್ಟಿ ನೀರು ಎತ್ತೋಕೆ ನೆಟ್ಟಿರೋ ಕಂಬ.”

“ಓದಿ ಓದಿ ಕಣ್ಣು ಓಯ್ತೇನೋ? ನಾನು ಕಾಣ್ದಿರೋ ಕಂಬವಾ?”

“ಕಟ್ಟೇಲಿ ಬೀಸುಕಲ್ಲಿನ ಮೇಲ್ಗಲ್ಲು ಕೂರಿಸವ್ರೆ ಅಜ್ಜಿ. ಕೈಯಾರೆ ಮುಟ್ಟಿದೆ.”

ಅಜ್ಜಿ ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿದಳು. ತಾತನೂ ಅವರ ತಮ್ಮನೂ ಪಾಲಾದಾಗ ಬೀಸುಕಲ್ಲನ್ನೂ ಹಂಚಿಕೊಂಡಿದ್ದರಂತೆ. ಕೆಳಗಿನ ಕಲ್ಲು ನಮಗೆ, ಮೇಲಿನದು ಅವರಿಗೆ. ಎರಡು ಮನೆಯಲ್ಲೂ ಬೀಸಲಾಗಲಿಲ್ಲ. ಹಠಕ್ಕೆ ಚಿಕ್ಕತಾತ ತಮ್ಮ ಪಾಲಿನ ಕಲ್ಲನ್ನು ತಮ್ಮ ಬಾವಿಯ ಕಟ್ಟೆಗೆ ಹಾಕಿ ಕಟ್ಟಿಬಿಟ್ಟರಂತೆ. ಅಂದಿನಿಂದ ಎರಡು ಮನೆಗಳಿಗೂ ಮಾತಿರಲಿಲ್ಲ.

“ಅಯ್ಯೋ, ಆ ವಾರಗಿತ್ತಿ ಬಾವಿಗಾ ನಾನು ಹಾಲು ಎರ್ದಿದ್ದು!” ಎಂದು ಅಜ್ಜಿ ಹಣೆ ಬಡಿದುಕೊಂಡಳು. ಅಂಬಿಗ ಮುಖ ಆಚೆ ತಿರುಗಿಸಿ ನಕ್ಕ. ಹರಿಗೋಲು ಸುಮ್ಮನೆ ತಿರುಗುತ್ತಿತ್ತು. ಗುಡಿ ಎಲ್ಲಿದೆಯೆಂದು ಕೇಳಿದರೆ ಅಜ್ಜಿ ಒಮ್ಮೆ ಅತ್ತ, ಒಮ್ಮೆ ಇತ್ತ ಕೈ ತೋರಿಸಿದಳು. ಎಲೆಗಳನ್ನು ನೀರಿಗೆ ಬಿಡಲೂ ಇಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಅವಳು ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದಳು. ಮದುವೆಯನ್ನು ನಾನೇ ಮುಳುಗಿಸಿದೆನೆಂದು ಗೆಳೆಯರ ಬಳಿ ಹಲುಬಿಕೊಂಡೆ. ಮೈಸೂರಿನಲ್ಲಿ ಇಳಿದ ಮೇಲೆ ಅಜ್ಜಿ ಮನೆಯ ಕಡೆ ತಿರುಗಲಿಲ್ಲ.

“ನಡಿ, ಅವಳ ಮನೆಗೆ. ಒಂದೇ ದೇವ್ರ ಒಕ್ಕಲು ನಾವಿಬ್ರೂವೆ. ದೇವ್ರು ಕಾಣ್ದಿದ್ರೆ ಒಕ್ಕಲಿಗೇ ಕೊಡೋದು.”

“ಅದು ಸಲ್ತದಾ ಅಜ್ಜಿ?”

“ಸಲ್ದೇ ಇದ್ರೆ ಇಷ್ಟ್ ವರ್ಸ ನಾನು ಎರ್ದಿದ್ದೂ ಸಲ್ದೇ ಓಯ್ತು ಕಣೋ. ಸುಮ್ನೆ ನಡಿ.”

ಅಜ್ಜಿಯ ವಾರಗಿತ್ತಿ, ಎಂದರೆ ಚಿಕ್ಕತಾತನ ಹೆಂಡತಿ, ಊರಿನ ಇನ್ನೊಂದು ತುದಿಯಲ್ಲಿ ಎಮ್ಮೆ ಸಾಕಿಕೊಂಡು ಮಗನ ಜೊತೆಗಿದ್ದರು. ನಮ್ಮನ್ನು ಕಂಡು ಅವರು ಬಾಗಿಲಿಗೆ ಅಡ್ಡವಾಗಿ ನಿಂತರು. ಗೆಳೆಯರು ಮುಖವಾಡವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

“ನನ್ನ ಹಾಲೆಲ್ಲ ನಿನ್ನ ಬಾವಿಗೇ ಆಯ್ತು ಕಣೇ,” ಎಂದು ಅಜ್ಜಿ ನಡೆದದ್ದನ್ನೆಲ್ಲ ಹೊಸ್ತಿಲಾಚೆಯಿಂದಲೇ ಹೇಳಿದಳು.

ಎಲ್ಲವನ್ನೂ ಕೇಳಿದ ಆ ಮುದುಕಿ ಬಾಗಿಲಿನಿಂದ ಪಕ್ಕಕ್ಕೆ ಸರಿದು, “ಅದ್ಕೇ ನೋಡಕ್ಕ, ನಮ್ಮೆಮ್ಮೆ ಹಾಲು ಬತ್ತಿದ್ದೇ ಇಲ್ಲ,” ಎಂದರು.

ಅಜ್ಜಿಗೆ ನಗು ತಡೆಯಲಾಗಲಿಲ್ಲ. ವಾರಗಿತ್ತಿ ಸೆರಗೊಡ್ಡಿ ವೀಳ್ಯ ತೆಗೆದುಕೊಂಡರು.

ಎರಡನೆಯ ವೀಳ್ಯ ಅದೇ ವಾರ ಬೀಗರ ಕೈ ಸೇರಿತು. ಆಷಾಢಕ್ಕೆ ಮುಂಚೆಯೇ ಮದುವೆ ನಡೆದು ತಂಗಿ ಕಡಕೊಳದ ಕಡೆಗೆ ಹೋದಳು. ಅಲ್ಲಿಂದ ಮುಂದೆ ಎರಡು ಮನೆಯವರೂ ಹಬ್ಬಕ್ಕೆ, ಸಾವಿಗೆ ಒಬ್ಬರ ಮನೆಗೊಬ್ಬರು ಹೋಗತೊಡಗಿದೆವು. ನಮ್ಮ ಮನೆಯ ಮದುವೆಗಳ ಮೊದಲ ವೀಳ್ಯ ಅವರಿಗೆ, ಅವರದು ನಮಗೆ ಎಂದಾಯಿತು. ಅಜ್ಜಿ ಮತ್ತೆ ಹಿನ್ನೀರಿಗೆ ಹೋಗಲಿಲ್ಲ. ಗುಡಿ ಎಲ್ಲಿದೆಯೆಂಬುದು ನಮ್ಮಲ್ಲಿ ಯಾರಿಗೂ ತಿಳಿಯದು.