ಮೂರು ಸಲ ಬ್ಯಾಡ

ಎಂಬತ್ತರ ದಶಕದ ಒಂದು ಬೇಸಿಗೆಯ ಕೊನೆ. ಗುಲ್ಬರ್ಗಾದಲ್ಲಿ ಎಂ.ಎ. ಓದಲು ನನಗೆ ಸೀಟು ಸಿಕ್ಕಿತ್ತು. ತರಗತಿ ಶುರುವಾಗುವ ಮೊದಲು, ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಬರುವ ಹೊಸ ಹುಡುಗಿಯರಿಗೆಂದು ಜೇವರ್ಗಿಯ ಒಂದು ಶಾಲೆಯಲ್ಲಿ ಐದು ದಿನದ ಶಿಬಿರ ಇಟ್ಟಿದ್ದರು. ಕರಜಗಿಯ ನಮ್ಮ ಮನೆಗೆ ಆ ಪತ್ರ ಬಂದ ದಿನ ಅಜ್ಜಿ, ಕಾಕಾ, ಅತ್ತೆ ಎಲ್ಲರದೂ ಒಂದೇ ರಾಗ: ಓದಿದ್ದು ಸಾಕು. ಅಪ್ಪ ಮಾತ್ರ ನನ್ನ ಕಡೆ ತಿರುಗಿ, "ಹೋಗ್ತಿಯೇನು?" ಎಂದು ಕೇಳಿದರು.

"ನೀವು ಹೇಳಿದಂಗ್ರಿ" ಎಂದೆ. ಒಳಗೆ ಹೋಗಬೇಕೆಂಬ ಆಸೆ ಕುದಿಯುತ್ತಿತ್ತು. ಆದರೆ ಹೆಣ್ಣುಮಕ್ಕಳು ನೆಟ್ಟಗೆ ಬೇಕು ಅನ್ನುವುದು ನಮ್ಮಲ್ಲಿ ಇರಲೇ ಇಲ್ಲ.

"ಐದು ದಿನ ಇದ್ದು ನೋಡು. ನಡುವ ಓಡಿ ಬಂದಿ ಅಂದ್ರ ಓದೂದು ಅಲ್ಲಿಗೇ ಮುಗೀತು" ಅಂದರು ಅಪ್ಪ.

ಅವ್ವ ಒಂದು ಗಂಟು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಟ್ಟಿಕೊಟ್ಟಳು. ಬರಿಗೈಲಿ ಯಾರ ಮನೆಗೂ ಹೋಗಬಾರದಲ್ಲ, ಶಿಬಿರಕ್ಕೆ ಕಾಲಿಟ್ಟ ಕೂಡಲೇ ಆ ಗಂಟನ್ನು ಮೇಡಂ ಕೈಗೆ ಕೊಟ್ಟುಬಿಟ್ಟೆ. ಮೇಡಂ ಶಿಬಿರದ ಮುಖ್ಯಸ್ಥರು, ಮೈಸೂರು ಕಡೆಯವರು, ಬಹಳ ಒಳ್ಳೆಯ ಹೆಂಗಸು. "ಅಯ್ಯೋ, ಇದೆಲ್ಲ ಯಾಕಮ್ಮ?" ಎಂದು ಅದನ್ನು ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆ ಬೀಗದ ಸಪ್ಪಳ ನನಗೆ ಇವತ್ತಿಗೂ ಕೇಳಿಸುತ್ತದೆ.

ಮಧ್ಯಾಹ್ನ ಊಟಕ್ಕೆ ಹದಿನೆಂಟು ಹುಡುಗಿಯರು ಸಾಲಾಗಿ ಕೂತೆವು. ಮೇಡಂ ತಾವೇ ಬಡಿಸಿದರು. ಒಂದೊಂದು ರೊಟ್ಟಿ, ಪಲ್ಯ. ಅದು ಮುಗಿಯಿತು. ಮೇಡಂ ಮತ್ತೆ ಬಂದು, "ಇನ್ನೊಂದು ರೊಟ್ಟಿ ಬೇಕಾ?" ಎಂದರು.

"ಬ್ಯಾಡ್ರಿ" ಎಂದೆ.

ಮೇಡಂ ಮುಂದಕ್ಕೆ ಹೋದರು!

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಲೇ ಉಳಿದೆ. ನಮ್ಮ ಕಡೆ ಬಡಿಸುವವರು ಕೇಳಬೇಕು, ಉಣ್ಣುವವರು ಬ್ಯಾಡ ಅನ್ನಬೇಕು. ಅವರು ಮತ್ತೆ ಕೇಳಬೇಕು, ಇವರು ಮತ್ತೆ ಬ್ಯಾಡ ಅನ್ನಬೇಕು. ಮೂರನೇ ಸಲ ತಾಟಿನ ಮೇಲೆ ಅಡ್ಡ ಕೈ ಇಡಬೇಕು, ಬಡಿಸುವವರು ಆ ಕೈ ಸರಿಸಿ ರೊಟ್ಟಿ ಹಾಕಲೇಬೇಕು. ಹೊಟ್ಟೆ ತುಂಬುವುದೂ ಮರ್ಯಾದೆ ಉಳಿಯುವುದೂ ಹೀಗೆಯೇ. ಮೇಡಂ ಒಂದು ಸಲಕ್ಕೇ ಕೈಬಿಟ್ಟಿದ್ದರು. ನನ್ನನ್ನಷ್ಟೇ ಅಲ್ಲ, ಹದಿನೆಂಟೂ ಜನರನ್ನು. ಮೂರೂ ತಾಲೂಕು ಒಕ್ಕೊರಲಿನಿಂದ ಬ್ಯಾಡ ಅಂದಿತ್ತು.

ಸಂಜೆಯೂ ಅದೇ, ಮರುದಿನವೂ ಅದೇ. ಆತ್ಮವಿಶ್ವಾಸದ ಬಗ್ಗೆ ಮೇಡಂ ಭಾಷಣ ಮಾಡುವಾಗ ಯಾರ ಹೊಟ್ಟೆಯೋ ಗುರ್ ಎಂದಿತು. ಎಲ್ಲರೂ ಪಕ್ಕದವಳನ್ನು ನೋಡಿದೆವು. ನೀರು ಕುಡಿಯುವ ನೆಪದಲ್ಲಿ ಆಫೀಸಿನ ಮುಂದೆ ಹಾಯ್ದು ಕಪಾಟನ್ನು ನೋಡಿ ಬರುವುದು ನನ್ನ ದಿನಚರಿಯಾಯಿತು. ಓಡಿಹೋಗಲು ಬಸ್ಸಿನ ವೇಳೆಯನ್ನೂ ವಿಚಾರಿಸಿಟ್ಟುಕೊಂಡಿದ್ದೆ. ಅಪ್ಪನ ಮಾತು ನೆನಪಾಗಿ ಸುಮ್ಮನಾದೆ.

ಮೂರನೇ ದಿನ ಬೆಳಿಗ್ಗೆ ಅಡುಗೆಯ ಹೆಂಗಸು ಮುಖ ಸಣ್ಣದು ಮಾಡಿಕೊಂಡು ಬಂದಳು. ಜೇವರ್ಗಿಯವಳೇ, ಆದರೆ ಬಡಿಸುವಾಗ ಒಲೆ ಬಿಟ್ಟು ಹೊರಗೆ ಬಂದವಳಲ್ಲ. "ನನ್ನ ಕೈಯಡಿಗಿ ಸೇರಾಂಗಿಲ್ಲೇನ್ರೆವ್ವಾ? ದಿನಾ ಬುಟ್ಟಿಗಟ್ಟಲೆ ರೊಟ್ಟಿ ಉಳ್ಯಾಕತ್ತಾವ. ಈ ಕಡಿ ಹುಡುಗ್ಯಾರು ಉಣ್ಣೂದs ಕಮ್ಮಿ, ಇವತ್ತಿಂದ ಅರ್ಧಾ ಮಾಡು ಅಂದಾರ ಮೇಡಂ."

ಅರ್ಧ! ನನ್ನ ಪಕ್ಕದ ಆಳಂದದ ಹುಡುಗಿ, ಎತ್ತರದ ಗಟ್ಟಿಗಿತ್ತಿ, ಚೀಲ ಕಟ್ಟತೊಡಗಿದಳು. "ನಾ ಹೊಂಟೀನಿ ಬೇ. ಇಲ್ಲಿ ಓದಿ ಶಾಣ್ಯಾ ಆಗೂದರಾಗ ಸತ್ತs ಹೋಗ್ತೀನಿ."

"ಮಧ್ಯಾಹ್ನದ ತನಕ ತಡಿ ಬೇ" ಎಂದೆ.

ಮಧ್ಯಾಹ್ನ ಮೇಡಂ ಬಂದರು. "ರೊಟ್ಟಿ ಬೇಕಾ?" ಬ್ಯಾಡ ಎಂಬುದು ತಾನಾಗಿಯೇ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಕಣ್ಣು ಮುಚ್ಚಿ, "ಬೇಕ್ರಿ" ಎಂದೆ. ಸಾಲಿಗೆ ಸಾಲೇ ಉಣ್ಣುವುದನ್ನು ನಿಲ್ಲಿಸಿ ನನ್ನನ್ನು ನೋಡಿತು. ನಾಚಿಕೆಯಿಂದ ಕಿವಿ ಬಿಸಿಯಾದವು.

"ಎಷ್ಟು?" ಎಂದರು ಮೇಡಂ.

"ನಾಕು."

"ನನಗ ಐದ್ರಿ!" ಎಂದಳು ಆಳಂದದವಳು. ಅಷ್ಟೇ, ಕಟ್ಟೆ ಒಡೆಯಿತು. ಅರ್ಧ ಮಾಡಿದ ಅಡುಗೆ ಎಲ್ಲಿ ಸಾಕಾದೀತು? ಬುಟ್ಟಿ ಖಾಲಿಯಾಗಿ ಮೇಡಂ ಕಂಗಾಲಾದರು. "ಮತ್ತೆ ಎರಡು ದಿನದಿಂದ ಬೇಡ ಬೇಡ ಅಂದ್ರಲ್ಲ?"

"ನಾವು ಮೂರು ಸಲ ಬ್ಯಾಡ ಅಂತೇವ್ರಿ. ನೀವು ಬಿಡಬಾರದ್ರಿ" ಎಂದೆ.

ಮೇಡಂ ಹಣೆ ಹಣೆ ಬಡಿದುಕೊಂಡು ಓಡಿಹೋಗಿ ಕಪಾಟು ತೆಗೆದರು. ಅವ್ವನ ಗಂಟು ನಮ್ಮೆಲ್ಲರ ನಡುವೆ ಬಿಚ್ಚಿಕೊಂಡಿತು. ಒಂದು ಚೂರು ಸಹ ಉಳಿಯಲಿಲ್ಲ. ಆಳಂದದವಳು ಚೀಲ ಬಿಚ್ಚಿದಳು.

ಐದನೆಯ ದಿನ ಅಪ್ಪ ಕರೆದುಕೊಂಡು ಹೋಗಲು ಬಂದರು. ಮೇಡಂ ಊಟಕ್ಕೆ ಕರೆದರೆ, "ಬ್ಯಾಡ್ರಿ, ದಾರ್ಯಾಗ ಚೌಡಾಪುರದಾಗ ನಾಷ್ಟಾ ಆಗೇದ" ಎಂದರು. ಮೇಡಂ ಈಗ ಪಳಗಿದ್ದರು. ಅಪ್ಪನ ಅಡ್ಡಗೈಯನ್ನು ಲೆಕ್ಕಿಸದೆ ತಾಟಿಗೆ ಎರಡು ರೊಟ್ಟಿ ಹಾಕಿದರು. "ಚಲೋ ಮಂದಿ" ಎಂದು ಅಪ್ಪ ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದರು. ಮೇಡಂ ಒಳಗೆ ಹೋದ ಮೇಲೆ ರೊಟ್ಟಿ ಮುರಿಯುತ್ತ ಕೇಳಿದರು:

"ಮನ್ಯಾಗ ಎಲ್ಲಾರೂ ಸಾಕಂತಾರ. ನಿನಗ ಓದೂದು ಬೇಕೇನು?"

ಒಂದೇ ಸಲ ಕೇಳಿದ್ದರು. ಇನ್ನೊಂದು ಸಲ ಕೇಳುತ್ತಾರೋ ಇಲ್ಲವೋ ಯಾರಿಗೆ ಗೊತ್ತು?

"ಬೇಕ್ರಿ ಅಪ್ಪಾ" ಎಂದೆ.

ಅಪ್ಪನ ಕೈ ತಾಟಿನಲ್ಲೇ ನಿಂತಿತು.

"ಮೊದಲs ಯಾಕ ಹೇಳಲಿಲ್ಲ? ನೀ ಒಂದ ಸಲಾನೂ ಬೇಕು ಅಂದಿದ್ದಿಲ್ಲ. ನಾ ನಿನಗs ಬ್ಯಾಡಂತ ತಿಳಿದಿದ್ದೆ."